ಗೆಲಾಕ್ಸಿಯ ಜೆಟ್‌ಗೆ ಎಷ್ಟು ವ್ಯಾಟ್?

1918ರಲ್ಲಿ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸ್ ಅವರಿಗೆ ಎಂ87 ಗೆಲಾಕ್ಸಿಯ ಚಿತ್ರದಲ್ಲಿ ಒಂದು ವಿಚಿತ್ರ ಕಂಡಿತು: ನಟ್ಟನಡುವಿನಿಂದ ನೆಟ್ಟಗೆ ಹೊರಟ ಒಂದು ಗೆರೆ. ಇವತ್ತು ನಾವು ಅದನ್ನು ಜೆಟ್ ಅಂತೀವಿ. 2019ರಲ್ಲಿ ಎಲ್ಲರ ಫೋನಿಗೂ ಬಂದ ಕಪ್ಪುರಂಧ್ರದ ಚಿತ್ರ ಇದೇ ಗೆಲಾಕ್ಸಿಯದು. ಸೂರ್ಯನ 650 ಕೋಟಿ ಪಟ್ಟು ದ್ರವ್ಯರಾಶಿಯ ಆ ಕಪ್ಪುರಂಧ್ರದ ಪಕ್ಕದಿಂದ, ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ದ್ರವ್ಯ ಚಿಮ್ಮಿ ಸಾವಿರಾರು ಜ್ಯೋತಿರ್ವರ್ಷ ದೂರ ಹೋಗುತ್ತದೆ. ಇಂಥ ಗೆಲಾಕ್ಸಿಗಳನ್ನು ಸಕ್ರಿಯ ಗೆಲಾಕ್ಸಿಗಳು ಎನ್ನುತ್ತಾರೆ. ಇಂಜಿನಿಯರಿಂಗ್ ಓದಿದ ನಮ್ಮಂಥವರಿಗೆ ಮೊದಲು ಬರುವ ಪ್ರಶ್ನೆ: ಈ ಜೆಟ್‌ನ ಪವರ್ ಎಷ್ಟು?

ಎಷ್ಟು ಹೊಳೆಯುತ್ತದೋ ಅಷ್ಟು ಅಂದುಬಿಡುವ ಹಾಗಿಲ್ಲ. ಬೆಳಕಿನ ವೇಗಕ್ಕೆ ಹತ್ತಿರ ಓಡುವ ವಸ್ತು ತನ್ನ ಬೆಳಕನ್ನೆಲ್ಲ ಮುಂದಕ್ಕೇ ಚೆಲ್ಲುತ್ತದೆ. ಕಣ್ಣಿಗೆ ನೇರವಾಗಿ ಬಿದ್ದ ಸ್ಕೂಟರಿನ ಹೆಡ್‌ಲೈಟು, ಪಕ್ಕದಿಂದ ನೋಡಿದ ಲಾರಿಯ ಹೆಡ್‌ಲೈಟಿಗಿಂತ ಜೋರಾಗಿ ಕಾಣುವುದಿಲ್ಲವೇ, ಹಾಗೆ. ನಮ್ಮ ಕಡೆ ತಿರುಗಿದ ಜೆಟ್ ಇರುವುದಕ್ಕಿಂತ ನೂರಾರು ಪಟ್ಟು ಪ್ರಕಾಶಮಾನವಾಗಿ ಕಾಣಬಹುದು. ಸಾಲದ್ದಕ್ಕೆ, ಶಕ್ತಿಯ ಬಹುಪಾಲು ಬೆಳಕಾಗುವುದೇ ಇಲ್ಲ. ಕಣಗಳ ಓಟದಲ್ಲಿ, ಕಾಂತಕ್ಷೇತ್ರದಲ್ಲಿ ಉಳಿದುಬಿಡುತ್ತದೆ.

ಊರಲ್ಲಿ ಪಂಪ್‌ಸೆಟ್ಟಿನ ತಾಕತ್ತನ್ನು ಅದರ ಸ್ಟಾರ್ಟರಿನ ಇಂಡಿಕೇಟರ್ ದೀಪ ನೋಡಿ ಯಾರೂ ಹೇಳುವುದಿಲ್ಲ. ಎಷ್ಟು ನೀರನ್ನು ಎಷ್ಟು ಎತ್ತರಕ್ಕೆ ಎತ್ತಿತು ಅಂತ ನೋಡುತ್ತಾರೆ. ಹಾಗಾದರೆ ಜೆಟ್ ಮಾಡಿದ ಕೆಲಸ ಎಲ್ಲಿದೆ? ಗೆಲಾಕ್ಸಿಗಳ ಗುಂಪುಗಳಲ್ಲಿ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲ ತುಂಬಿಕೊಂಡಿದೆ. ಅದು ಎಕ್ಸ್‌ರೇಯಲ್ಲಿ ಹೊಳೆಯುತ್ತದೆ. ಜೆಟ್ ಆ ಅನಿಲವನ್ನು ಪಕ್ಕಕ್ಕೆ ತಳ್ಳಿ ದೊಡ್ಡ ಗುಳ್ಳೆಗಳನ್ನು ಊದುತ್ತದೆ. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನ, 1999ರಲ್ಲಿ ಹಾರಿದ ಚಂದ್ರಾ ದೂರದರ್ಶಕದ ಚಿತ್ರಗಳಲ್ಲಿ ಈ ಗುಳ್ಳೆಗಳು ಕಪ್ಪು ಗುಳಿಗಳ ಹಾಗೆ ಕಾಣುತ್ತವೆ.

ಮುಂದಿನದು ನಮ್ಮ ಥರ್ಮೋಡೈನಮಿಕ್ಸ್ ಕ್ಲಾಸಿನ ಲೆಕ್ಕ. ಅನಿಲದ ಒತ್ತಡವನ್ನು ಗುಳ್ಳೆಯ ಗಾತ್ರದಿಂದ ಗುಣಿಸಿದರೆ ಜಾಗ ಮಾಡಿಕೊಳ್ಳಲು ಹಿಡಿದ ಕೆಲಸ ಸಿಗುತ್ತದೆ. ಗುಳ್ಳೆಯೊಳಗಿನ ಅತಿವೇಗದ ಕಣಗಳ ಆಂತರಿಕ ಶಕ್ತಿ ಅದರ ಮೂರು ಪಟ್ಟು. ಒಟ್ಟು ನಾಲ್ಕು ಪಟ್ಟು, ಇದೇ ಎಂಥಾಲ್ಪಿ.

ಇದು ಶಕ್ತಿ ಆಯಿತು, ಪವರ್ ಅಲ್ಲ. ಇಲ್ಲಿ ಡುಲುತ್‌ನ ಬೇಸಿಗೆಯಲ್ಲಿ ಒಂದು ಮನೆಗೆ 30 ದಿನಕ್ಕೆ 1440 ಯೂನಿಟ್ ಬಂತು ಅಂತಿಟ್ಟುಕೊಳ್ಳಿ. 720 ಗಂಟೆಯಿಂದ ಭಾಗಿಸಿದರೆ ಸರಾಸರಿ 2 ಕಿಲೋವ್ಯಾಟ್. ಏಸಿ ಯಾವಾಗ ಓಡಿತು, ಯಾವಾಗ ನಿಂತಿತು ಅಂತ ಬಿಲ್ ಹೇಳುವುದಿಲ್ಲ. ಗುಳ್ಳೆಯೂ ಹಾಗೇ: ಅದರ ವಯಸ್ಸಿನಿಂದ ಭಾಗಿಸಿದರೆ ಸರಾಸರಿ ಪವರ್ ಮಾತ್ರ ಸಿಗುತ್ತದೆ. ವಯಸ್ಸಿಗೆ, ಗುಳ್ಳೆ ಕೇಂದ್ರದಿಂದ ಸರಿದ ದೂರವನ್ನು ಆ ಅನಿಲದಲ್ಲಿ ಶಬ್ದದ ವೇಗದಿಂದ ಭಾಗಿಸುವುದು ಒಂದು ದಾರಿ.

ಸುಮಾರು 260 ಕೋಟಿ ಜ್ಯೋತಿರ್ವರ್ಷ ದೂರದ ಎಂಎಸ್ 0735 ಗುಂಪನ್ನು ನೋಡಿ. 2005ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಅಲ್ಲಿ ಸುರಿದ ಶಕ್ತಿ 6ರ ಮುಂದೆ 54 ಸೊನ್ನೆ ಇಟ್ಟಷ್ಟು ಜೌಲ್. ಕಾಲ ಸುಮಾರು 10 ಕೋಟಿ ವರ್ಷ, ಅಂದರೆ 3ರ ಮುಂದೆ 15 ಸೊನ್ನೆಯಷ್ಟು ಸೆಕೆಂಡು. ಭಾಗಿಸಿದರೆ 2ರ ಮುಂದೆ 39 ಸೊನ್ನೆ ವ್ಯಾಟ್: ಹತ್ತಿರ ಹತ್ತಿರ 5 ಲಕ್ಷ ಕೋಟಿ ಸೂರ್ಯರಷ್ಟು!

ಎಲ್ಲ ಕಡೆ ಗುಳ್ಳೆ ಕಾಣುವುದಿಲ್ಲ. ಆಗ ರೇಡಿಯೋ ನೆರವಿಗೆ ಬರುತ್ತದೆ. ಗುಳ್ಳೆಯೊಳಗಿನ ಎಲೆಕ್ಟ್ರಾನುಗಳು ರೇಡಿಯೋ ಅಲೆ ಸೂಸುತ್ತವೆ. ಹೆಚ್ಚು ಶಕ್ತಿಯವು ಬೇಗ ಸುಸ್ತಾಗುತ್ತವೆ. ಹಳೆಯವು ಕಡಿಮೆ ಆವರ್ತನದಲ್ಲಷ್ಟೇ ಉಳಿಯುತ್ತವೆ. ಅದಕ್ಕೇ ನಮ್ಮ ಗೌರಿಬಿದನೂರಿನಂಥ ಜಾಗ ಮುಖ್ಯ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಅಲ್ಲಿ ಸಾವಿರ ಡೈಪೋಲ್‌ಗಳ, ಇಂಗ್ಲಿಷಿನ 'ಟಿ' ಆಕಾರದ ದೂರದರ್ಶಕ ಕಟ್ಟಿದವು. ನಮ್ಮ ಎಫ್‌ಎಂಗಿಂತ ಎಷ್ಟೋ ಕೆಳಗೆ, 34.5 ಮೆಗಾಹರ್ಟ್ಸ್‌ನಲ್ಲಿ ಅದು ಮಾಡಿದ ಆಕಾಶದ ಸಮೀಕ್ಷೆ 1990ರಲ್ಲಿ ಪ್ರಕಟವಾಯಿತು. ಗುಳ್ಳೆ, ರೇಡಿಯೋ ಎರಡೂ ಕಾಣುವ ಗೆಲಾಕ್ಸಿಗಳಿಂದ ಒಂದು ಸೂತ್ರ ಮಾಡಿಕೊಂಡು, ರೇಡಿಯೋ ಮಾತ್ರ ಕಾಣುವ ಕಡೆ ಅದನ್ನು ಬಳಸುತ್ತಾರೆ. ಉತ್ತರ ಹಲವು ಪಟ್ಟು ಆಚೀಚೆ ಆಗುವುದು ಸಾಮಾನ್ಯ.

ಇಷ್ಟು ಒರಟು ಲೆಕ್ಕದಿಂದ ಏನು ಉಪಯೋಗ? ಗುಂಪುಗಳ ನಡುವಿನ ಬಿಸಿ ಅನಿಲ ಕಾಲಕ್ರಮೇಣ ತಣ್ಣಗಾಗಿ ರಾಶಿರಾಶಿ ನಕ್ಷತ್ರ ಹುಟ್ಟಬೇಕಿತ್ತು. ಹುಟ್ಟಿರುವುದು ಬಹಳ ಕಡಿಮೆ. ಯಾರೋ ಒಲೆ ಹಚ್ಚಿಟ್ಟಿದ್ದಾರೆ. ಅನಿಲ ಎಕ್ಸ್‌ರೇಯಾಗಿ ಕಳೆದುಕೊಳ್ಳುವ ಶಾಖವನ್ನೂ ಜೆಟ್‌ನ ಪವರನ್ನೂ ಅಕ್ಕಪಕ್ಕ ಇಟ್ಟರೆ, ಅನೇಕ ಗುಂಪುಗಳಲ್ಲಿ ಎರಡೂ ಸುಮಾರಾಗಿ ಸರಿಹೊಂದುತ್ತವೆ. ಅಂದರೆ ಗೆಲಾಕ್ಸಿ ಇನ್ನೆಷ್ಟು ಬೆಳೆಯಬೇಕು ಅನ್ನುವುದರಲ್ಲಿ ಅದರ ನಡುವಿನ ಕಪ್ಪುರಂಧ್ರದ ಕೈ ಇದೆ. ಆ ಶಾಖ ಗುಳ್ಳೆಯಿಂದ ಅನಿಲಕ್ಕೆ ಸಮನಾಗಿ ಹೇಗೆ ಹರಡುತ್ತದೆ ಎಂಬುದರ ಚರ್ಚೆ ಇನ್ನೂ ನಡೆಯುತ್ತಿದೆ. ಹೀಟ್ ಟ್ರಾನ್ಸ್‌ಫರ್ ಇಷ್ಟಪಟ್ಟು ಓದಿದವರು ನಮ್ಮಲ್ಲಿ ಯಾರಾದರೂ ಇದ್ದರೆ, ಕೆಲಸ ಬಾಕಿ ಇದೆ.