ಹೇಳಿಕೊಳ್ಳೋದು ಅಂದ್ರೆ ಕೊಚ್ಚಿಕೊಳ್ಳೋದಲ್ಲ

ನಮ್ಮ ಹಾಸ್ಟೆಲ್ ರೂಮಲ್ಲಿ ನಾವು ನಾಲ್ವರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಹೀಗೆ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕಿಂದ ಒಬ್ಬೊಬ್ಬರು. ನಾಲ್ವರ ಮನೆಯಲ್ಲೂ ಒಂದೊಂದು ಸಣ್ಣ ವ್ಯಾಪಾರ ಇದೆ. ಎರಡು ಸೆಮಿಸ್ಟರ್ ಒಟ್ಟಿಗೆ ಇದ್ದರೂ ಈ ವಿಷಯ ಒಬ್ಬರಿಗೊಬ್ಬರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗಿದ್ದು ಒಂದು ಮದುವೆಯಲ್ಲಿ.

ಕ್ಲಾಸ್‌ಮೇಟ್ ಒಬ್ಬನ ಅಕ್ಕನ ರಿಸೆಪ್ಷನ್. ಬಫೆಗೆ ಅಡಿಕೆ ಹಾಳೆಯ ತಟ್ಟೆ ಇಟ್ಟಿದ್ದರು. ಚನ್ನಗಿರಿಯವನು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಅಂಚು ಸರಿಯಾಗಿ ಕೂತಿಲ್ಲ, ಹಾಳೆ ಸಾಕಷ್ಟು ನೆನೆದಿಲ್ಲ" ಅಂದ. "ನಿಂಗ್ಯಾಕೋ ಇವೆಲ್ಲ?" ಅಂತ ಕೇಳಿದಾಗ ಬಾಯಿಬಿಟ್ಟ. ಅವರ ಮನೇಲೇ ತಟ್ಟೆ ಒತ್ತೋ ಮಷಿನ್ ಇದೆಯಂತೆ. ಸಾಲ ಮಾಡಿ ಹಾಕಿಸಿದ್ದು. ಆರ್ಡರ್ ಇಲ್ಲದೆ ತಿಂಗಳಲ್ಲಿ ಅರ್ಧ ದಿನ ಸುಮ್ಮನೆ ನಿಂತಿರುತ್ತೆ, ಕಂತು ಮಾತ್ರ ನಿಲ್ಲಲ್ಲ. ಪಕ್ಕದಲ್ಲಿದ್ದ ಮದುವೆ ಮನೆಯವನು ತಲೆ ಚಚ್ಚಿಕೊಂಡ. "ಲೋ, ಎಂಟುನೂರು ತಟ್ಟೆ ಎಲ್ಲಿಂದಲೋ ತರಿಸಿದ್ವಿ. ಮೊದ್ಲೇ ಹೇಳಬಾರ್ದಿತ್ತಾ?"

ಅವನು ಹೇಳೋಕೆ ನೋಡಿರಲಿಲ್ಲ ಅಂತೇನಿಲ್ಲ. ಒಂದು ಸಲ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದ್ದನಂತೆ. ಎಲ್ಲರೂ ಏನಂದ್ಕೋತಾರೋ ಅನ್ನಿಸಿ ಹತ್ತೇ ನಿಮಿಷಕ್ಕೆ ಡಿಲೀಟ್ ಮಾಡಿದ್ದ. ಆ ರಾತ್ರಿ ರೂಮಿಗೆ ಬಂದ ಮೇಲೆ ಉಳಿದ ಮೂವರ ಮನೆ ಕಥೆಯೂ ಹೊರಗೆ ಬಂತು. ಎಲ್ಲವೂ ಹೆಚ್ಚು ಕಡಿಮೆ ಇದೇ. ಈ ಅಳುಕು ಎಲ್ಲಿಂದ ಬರುತ್ತೆ, ಹೇಗೆ ಕಡಿಮೆ ಮಾಡ್ಕೋಬಹುದು ಅಂತ ನಾವು ಓದಿದ್ದನ್ನೂ ಮಾಡಿ ನೋಡಿದ್ದನ್ನೂ ಇಲ್ಲಿ ಬರೆದಿದ್ದೀವಿ.

ಅಳುಕು ಎಲ್ಲಿಂದ ಬರುತ್ತೆ?

"ತುಂಬಿದ ಕೊಡ ತುಳುಕಲ್ಲ" ಅಂತ ಕೇಳಿಕೊಂಡೇ ನಾವೆಲ್ಲ ಬೆಳೆದಿದ್ದು. ತನ್ನ ಬೆನ್ನು ತಾನೇ ತಟ್ಟಿಕೊಳ್ಳೋರನ್ನ ಕಂಡರೆ ನಮಗೂ ನಗು ಬರುತ್ತೆ. ಹಾಗಾಗಿ "ನಮ್ಮ ಮನೇಲಿ ಇದನ್ನ ಮಾಡ್ತೀವಿ, ತಗೊಳ್ಳಿ" ಅನ್ನೋಕೆ ಹೋದಾಗ ಗಂಟಲು ಕಟ್ಟುತ್ತೆ.

ಆದರೆ ನಮ್ಮೂರ ಸಂತೆ ನೆನಪಿಸಿಕೊಳ್ಳಿ. "ಬಾ ಅಕ್ಕಾ, ಬೆಳಿಗ್ಗೆ ಕಿತ್ತ ಮೆಂತ್ಯ, ಮುಟ್ಟಿ ನೋಡು" ಅಂತ ಅಜ್ಜಿ ಕೂಗ್ತಾಳೆ. ಅವಳು ಕೊಚ್ಕೋತಿದ್ದಾಳೆ ಅಂತ ಯಾರಾದ್ರೂ ಅಂದಿದ್ದು ಕೇಳಿದ್ದೀರಾ? ಇಲ್ಲ. ಯಾಕಂದ್ರೆ ಅವಳ ಮಾತೆಲ್ಲ ಮೆಂತ್ಯದ ಬಗ್ಗೆ. ಯಾವಾಗ ಕಿತ್ತಿದ್ದು, ಎಷ್ಟಕ್ಕೆ ಕೊಡ್ತಾಳೆ, ಅಷ್ಟೇ. ನಾವು ಸ್ಟೇಟಸ್ ಹಾಕುವಾಗ ಮಾತ್ರ ತಲೇಲಿ ಓಡೋದು "ನಾನು ಹೇಗೆ ಕಾಣ್ತೀನಿ" ಅನ್ನೋದು. ತಟ್ಟೆಯ ಅಳತೆ, ರೇಟು ಎಲ್ಲ ಆಮೇಲೆ.

"ಬಾಯಿದ್ದವ ಬರಗಾಲದಲ್ಲೂ ಬದುಕಿದ" ಅನ್ನೋ ಗಾದೆಯೂ ಕನ್ನಡದ್ದೇ. ಇದನ್ನ ನೆನಪಿಸಿದ್ದು ನಮ್ಮ ಜಗಳೂರಿನವನು. ಬರದ ವಿಷಯದಲ್ಲಿ ಅವನಿಗೆ ನಾವ್ಯಾರೂ ಎದುರು ಮಾತಾಡಲ್ಲ.

ಅನುಮಾನದಲ್ಲಿ ಎರಡು ಥರ

ಮಾತಾಡ್ತಾ ಮಾತಾಡ್ತಾ ನಮಗೆ ಗೊತ್ತಾಗಿದ್ದೇನಂದ್ರೆ, ಒಂದು ಅನುಮಾನ ವಸ್ತುವಿನ ಮೇಲೆ, ಇನ್ನೊಂದು ನಮ್ಮ ಮೇಲೆ. ಎರಡನ್ನೂ ಬೇರೆ ಮಾಡದೇ ಇದ್ದರೆ ಯಾವುದೂ ಪರಿಹಾರ ಆಗಲ್ಲ.

ವಸ್ತುವಿನ ಮೇಲಿನ ಅನುಮಾನ ಒಳ್ಳೇದು. ಅದನ್ನ ಓಡಿಸಬಾರದು, ಉತ್ತರ ಹುಡುಕಬೇಕು. ಹಾಳೆ ತಟ್ಟೆಯನ್ನೇ ತಗೊಳ್ಳಿ. 2022ರ ಜುಲೈ 1ರಿಂದ ದೇಶದಲ್ಲಿ ಒಂದೇ ಸಲ ಬಳಸೋ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ನಿಷೇಧ ಬಂತು. ಹಾಳೆ ತಟ್ಟೆಯವರಿಗೆ ಇದು ಒಳ್ಳೇ ಅವಕಾಶ. ಆದರೆ 2025ರಲ್ಲಿ ಅಮೆರಿಕದ ಎಫ್‌ಡಿಎ, ಅಡಿಕೆಯಲ್ಲಿರೋ ರಾಸಾಯನಿಕಗಳು ಊಟಕ್ಕೆ ಸೇರಬಹುದು ಅಂತ ಈ ತಟ್ಟೆಗಳಿಗೆ ಆಕ್ಷೇಪ ಎತ್ತಿತು. ಹಾಗಿರುವಾಗ "ಆರೋಗ್ಯಕ್ಕೆ ನೂರಕ್ಕೆ ನೂರು ಒಳ್ಳೇದು" ಅಂತ ಬರೆಯೋಕೆ ಕೈ ನಡುಗಿದ್ರೆ ಅದು ಅಳುಕಲ್ಲ, ಪ್ರಾಮಾಣಿಕತೆ. ಗೊತ್ತಿರೋದನ್ನ ಮಾತ್ರ ಬರೆದರೆ ಸಾಕು: ಉದುರಿದ ಹಾಳೆಯನ್ನ ನೀರಲ್ಲಿ ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತುತ್ತೀವಿ; ಅಂಟು, ಬಣ್ಣ ಹಾಕಲ್ಲ; ಅಳತೆ ಇಷ್ಟು, ರೇಟು ಇಷ್ಟು. ಆ ಸುದ್ದಿ ಬಗ್ಗೆ ಯಾರಾದ್ರೂ ಕೇಳಿದ್ರೆ ಮುಚ್ಚಿಡದೆ ಹೇಳೋದು.

ಎರಡನೇ ಅನುಮಾನ ನಮ್ಮ ಮೇಲಿನದು. "ಎಲ್ರೂ ನನ್ನನ್ನೇ ನೋಡ್ತಾರೆ, ನಗ್ತಾರೆ" ಅನ್ನೋದು. ಇದರ ಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ಮಾಡಿದ ಪ್ರಯೋಗ 2000ನೇ ಇಸವಿಯಲ್ಲಿ ಪ್ರಕಟವಾಯ್ತು. ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಟೀ ಶರ್ಟ್ ಹಾಕಿಸಿ, ಬೇರೆ ವಿದ್ಯಾರ್ಥಿಗಳಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಟೀ ಶರ್ಟ್ ಗಮನಿಸಿರ್ತಾರೆ ಅಂತ ಹಾಕಿಕೊಂಡವರ ಅಂದಾಜು. ನಿಜವಾಗಿ ಗಮನಿಸಿದ್ದು ಸುಮಾರು ಕಾಲು ಭಾಗ ಮಾತ್ರ. ನಮ್ಮ ಭಾಷೇಲಿ ಹೇಳೋದಾದ್ರೆ, ನಮ್ಮ ತಲೆಯ ಮೀಟರ್ ಎರಡು ಪಟ್ಟು ರೀಡಿಂಗ್ ತೋರಿಸ್ತಿದೆ. ಕ್ಯಾಲಿಬ್ರೇಟ್ ಮಾಡ್ಕೋಬೇಕು.

ಧೈರ್ಯ ಬರೋ ನಾಲ್ಕು ದಾರಿ

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಬರೆದ ಪ್ರಕಾರ, "ಇದು ನನ್ನ ಕೈಲಿ ಆಗುತ್ತೆ" ಅನ್ನೋ ನಂಬಿಕೆ ನಾಲ್ಕು ಕಡೆಯಿಂದ ಬರುತ್ತೆ.

ಮೊದಲನೆಯದು ಸ್ವಂತ ಅನುಭವ. ಜಗಳೂರಿನವನ ಅಮ್ಮ ಶೇಂಗಾ ಚಟ್ನಿಪುಡಿ ಮಾಡಿ ಮಾರ್ತಾರೆ. ಅವನು ಮೊದಲು ಹೇಳಿದ್ದು ನಮ್ಮ ಫ್ಲೋರಿನ ಐದು ರೂಮಿಗೆ ಮಾತ್ರ. ಯಾರು ತಗೊಂಡ್ರು, ಯಾರು ಎರಡನೇ ಸಲ ಕೇಳಿದ್ರು ಅಂತ ನೋಟ್‌ಬುಕ್ಕಲ್ಲಿ ಬರೆದಿಟ್ಟ. ಮೂರು ರೂಮಿನವರು ಮತ್ತೆ ಕೇಳಿದ್ರು. ಈಗ "ಯಾರು ತಗೋತಾರೆ ಬಿಡು" ಅನ್ನಿಸಿದಾಗ ಅವನು ಆ ಪುಟ ತೆಗೆದು ನೋಡ್ತಾನೆ. ಹೊರಗಡೆ ಮಾರೋ ಮುಂಚೆ ಆಹಾರ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು ಅಂತ ತಿಳಿದು ಅದನ್ನೂ ಮಾಡಿಸಿದ್ರು. ಪ್ಯಾಕೆಟ್ ಮೇಲೆ ಆ 14 ಅಂಕಿಯ ನಂಬರ್ ಬಂದಮೇಲೆ ಅಮ್ಮನ ಮಾತಿನ ಧಾಟಿಯೇ ಬದಲಾಯ್ತು ಅಂತಾನೆ.

ಎರಡನೆಯದು ನಮ್ಮಂಥವರೇ ಮಾಡಿದ್ದನ್ನ ನೋಡೋದು. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರೋದು ನ್ಯಾಮತಿ ತಾಲ್ಲೂಕಲ್ಲಿ. ಫೆಬ್ರವರಿಯ ಜಯಂತಿಗೆ ಬೇರೆ ರಾಜ್ಯಗಳಿಂದಲೂ ಬಂಜಾರ ಜನ ಬರ್ತಾರೆ. ನ್ಯಾಮತಿಯವನ ಅಜ್ಜಿ ಲಂಬಾಣಿ ಕಸೂತಿ ಹಾಕಿ ಚೀಲ ಹೊಲೀತಾರೆ. ಆದರೂ "ಇದನ್ಯಾರು ಕೊಳ್ತಾರೆ" ಅಂತ ಟ್ರಂಕಲ್ಲೇ ಇಟ್ಟಿದ್ದರು. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಸಂಡೂರಿನ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಕೆಲಸದ 1,755 ವಸ್ತುಗಳನ್ನ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಆಗಿತ್ತು. ಆ ಫೋಟೋಗಳನ್ನ ಮೊಮ್ಮಗ ಮೊಬೈಲಲ್ಲಿ ತೋರಿಸಿದಾಗ ಅಜ್ಜಿ ಬಹಳ ಹೊತ್ತು ನೋಡಿ, "ಈ ಹೊಲಿಗೆ ನಂಗೂ ಬರುತ್ತೆ" ಅಂದ್ರಂತೆ. ಈಗ ಎರಡು ಚೀಲ ಟ್ರಂಕಿಂದ ಹೊರಗೆ ಬಂದಿವೆ.

ಮೂರನೆಯದು ಗೊತ್ತಿರೋರ ಮಾತು. ಹೊನ್ನಾಳಿಯವನ ಅಮ್ಮ ಬ್ಲೌಸ್ ಹೊಲೀತಾರೆ. "ಎಷ್ಟಾಯ್ತಕ್ಕ?" ಅಂದ್ರೆ "ನಿಮಗೆ ಎಷ್ಟು ಅನ್ಸುತ್ತೋ ಕೊಡಿ" ಅನ್ನೋರು. ಇದೂ ಅಳುಕೇ, ಮರ್ಯಾದೆಯ ವೇಷ ಹಾಕಿರುತ್ತೆ ಅಷ್ಟೆ. ಹಳೇ ಗಿರಾಕಿಗಳನ್ನ ಅವನು "ಯಾಕೆ ಇಲ್ಲಿಗೇ ಬರ್ತೀರಾ?" ಅಂತ ಕೇಳಿದ. "ತೋಳು ಹಿಡಿಯಲ್ಲ, ಹೇಳಿದ ದಿನ ಕೊಡ್ತಾರೆ" ಅಂದ್ರು. ಸುಮ್ಮನೆ "ಚೆನ್ನಾಗಿದೆ" ಅನ್ನೋದಕ್ಕಿಂತ ಇಂಥ ಮಾತಿಗೆ ತೂಕ ಜಾಸ್ತಿ. ಆ ಎರಡು ಮಾತು, ಕೆಳಗೆ ರೇಟು, ಇಷ್ಟನ್ನ ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ಹಾಕಿದ್ದಾರೆ. ಅಮ್ಮನ ಬದಲು ಈಗ ರಟ್ಟು ಮಾತಾಡುತ್ತೆ.

ನಾಲ್ಕನೆಯದು ಮೈಯ ಲಕ್ಷಣ. ಎದೆ ಹೊಡ್ಕೊಳ್ಳೋದು, ಬಾಯಿ ಒಣಗೋದು ವೈವಾಕ್ಕೆ ಹೋಗುವಾಗಲೂ ಆಗುತ್ತೆ. ನಮಗೆ ಏನೂ ಬರಲ್ಲ ಅನ್ನೋದಕ್ಕೆ ಅದು ಸಾಕ್ಷಿಯಲ್ಲ. ಮೂರೇ ಸಾಲು ಬರೆದು ರೂಮಲ್ಲಿ ಒಬ್ಬರ ಮುಂದೊಬ್ಬರು ಹೇಳಿ ಅಭ್ಯಾಸ ಮಾಡಿದ್ವಿ. ಏನು ಮಾಡ್ತೀವಿ, ಹೇಗೆ ಮಾಡ್ತೀವಿ, ಎಷ್ಟಕ್ಕೆ. ಮೊದಲ ಸಲ ನಾಲ್ವರೂ ನಕ್ಕು ಉರುಳಿದ್ವಿ. ಐದನೇ ಸಲ ಯಾರೂ ನಗಲಿಲ್ಲ.

ತಲೆ ಮೇಲೆ ಹೊತ್ತವರು

ಹೊನ್ನಾಳಿ ದಾಟಿ ಹರಿಯೋ ತುಂಗಭದ್ರೆಗೆ ಮುಂದೆ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದಾ ನದಿ ಸೇರುತ್ತೆ. ಕಾದಂಬರಿಕಾರ ಗಳಗನಾಥರು (1869–1942) ಆ ಊರಿನವರು. ಕನ್ನಡದಲ್ಲಿ ಓದುಗರೇ ಕಡಿಮೆ ಇದ್ದ ಕಾಲದಲ್ಲಿ ಅವರು ತಮ್ಮ ಪುಸ್ತಕಗಳನ್ನ ತಾವೇ ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅವರನ್ನ ಕೊಚ್ಚಿಕೊಂಡವರು ಅಂತ ಇವತ್ತು ಯಾರೂ ನೆನೆಯಲ್ಲ. ಮನೆ ಬಾಗಿಲಿಗೆ ಪುಸ್ತಕ ತಂದವರು ಅಂತ ನೆನೀತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಈ ವಿಷಯ ಕನ್ನಡ ಸಂಘಕ್ಕೆ ಸೇರಿದ ಮೇಲೆ ಗೊತ್ತಾಯ್ತು.

ಚನ್ನಗಿರಿಯವನು ಹೋದ ತಿಂಗಳು ಮತ್ತೆ ಸ್ಟೇಟಸ್ ಹಾಕಿದ. ಈ ಸಲ ಡಿಲೀಟ್ ಮಾಡದ ಹಾಗೆ ಅವನ ಮೊಬೈಲನ್ನ ನಾವೇ ಇಟ್ಕೊಂಡಿದ್ವಿ! ಯಾರೂ ನಗಲಿಲ್ಲ. ಹೆಚ್ಚಿನವರು ಗಮನಿಸಲೂ ಇಲ್ಲ. ಮರುದಿನ ಒಬ್ಬ ಸೀನಿಯರ್ ಮನೆಯ ಗೃಹಪ್ರವೇಶಕ್ಕೆ ಇನ್ನೂರು ತಟ್ಟೆ ಕೇಳಿದ್ರು. ಮಷಿನ್ ಇನ್ನೂ ಎಷ್ಟೋ ದಿನ ಸುಮ್ಮನೆ ನಿಂತಿರುತ್ತೆ. ಆದರೆ ಅದು ನಿಂತಿರೋದಕ್ಕೆ ನಮ್ಮ ಮೌನ ಕಾರಣ ಆಗಬಾರದು ಅಂತ ತೀರ್ಮಾನ ಮಾಡಿದ್ದೀವಿ.

ಇನ್ನೆರಡು ವರ್ಷಕ್ಕೆ ಪ್ಲೇಸ್‌ಮೆಂಟ್‌ನಲ್ಲಿ "ನಿಮ್ಮ ಬಗ್ಗೆ ಹೇಳಿ" ಅಂತ ಎಲ್ಲರನ್ನೂ ಕೇಳ್ತಾರೆ. ಅಭ್ಯಾಸವನ್ನ ಈಗಿಂದಲೇ, ಅಮ್ಮನ ಚಟ್ನಿಪುಡಿಯಿಂದಲೇ ಶುರು ಮಾಡಬಹುದು. ನಿಮ್ಮ ಮನೆಯಲ್ಲೂ ಯಾರಾದ್ರೂ ಏನಾದ್ರೂ ಮಾಡಿ ಮಾರ್ತಿದ್ರೆ ಇವತ್ತು ಒಬ್ಬರಿಗಾದ್ರೂ ಹೇಳಿ. ನಮಗೆ ಹೇಳಿದ್ರೂ ಆಯ್ತು. ಚಟ್ನಿಪುಡಿ ಖಾಲಿಯಾದಾಗ ನಮಗೂ ಬೇಕಾಗುತ್ತೆ!