ಬಿಯರ್ ತಯಾರಕರ ಮೂರು ಪ್ರಶ್ನೆಗಳು

ಶಕ್ತಿಯ ಏಕಮಾನ ಜೂಲ್, ಆಮ್ಲೀಯತೆಯನ್ನು ತಿಳಿಸುವ ಪಿಹೆಚ್, ಸಂಖ್ಯಾಶಾಸ್ತ್ರದ ಟಿ-ಪರೀಕ್ಷೆ - ಈ ಮೂರನ್ನೂ ನಾವು ಬೇರೆ ಬೇರೆ ತರಗತಿಗಳಲ್ಲಿ ಕಲಿಸುತ್ತೇವೆ. ಆದರೆ ಮೂರಕ್ಕೂ ಬಿಯರ್ ತಯಾರಿಕೆಯ ನಂಟಿದೆ. ಇದು ಕೇವಲ ಆಕಸ್ಮಿಕವೇ? ಬಿಯರ್ ಕುಡಿಯುವುದರ ಒಳಿತು ಕೆಡುಕು ಈ ಲೇಖನದ ವಿಷಯವಲ್ಲ. ಅದನ್ನು ತಯಾರಿಸುವವರು ಮಾಪನ ವಿಜ್ಞಾನಕ್ಕೆ ಏನು ಕೊಟ್ಟರು ಎಂಬುದಷ್ಟೇ ಇಲ್ಲಿಯ ವಿಷಯ.

ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸುವ ಕುಶಲಕರ್ಮಿಯನ್ನು ಮಾತನಾಡಿಸಿದರೆ ರುಚಿಯ ವರ್ಣನೆಗಿಂತ ಅಂಕಿಗಳೇ ಹೆಚ್ಚು ಕೇಳಿಬರುತ್ತವೆ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ಇದನ್ನು ಪುಡಿಮಾಡಿ ಬಿಸಿನೀರಿನಲ್ಲಿ ನೆನೆಸಿದಾಗ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಸೋಸಿದ ಸಿಹಿ ದ್ರವವನ್ನು ಹಾಪ್ಸ್ ಹೂಗಳೊಂದಿಗೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ಆಲ್ಕೊಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್‌ಗಳಾಗಿ ಬದಲಿಸುತ್ತದೆ. ಸಕ್ಕರೆ ಕರಗಿದಂತೆ ದ್ರವದ ಸಾಂದ್ರತೆ ಇಳಿಯುತ್ತದೆ, ಹೈಡ್ರೊಮೀಟರ್ ಇನ್ನಷ್ಟು ಮುಳುಗುತ್ತದೆ. ಸಾಪೇಕ್ಷ ಸಾಂದ್ರತೆ 1.050ರಿಂದ 1.010ಕ್ಕೆ ಇಳಿಯಿತೆನ್ನಿ. ವ್ಯತ್ಯಾಸವಾದ 0.040ನ್ನು 131ರಿಂದ ಗುಣಿಸಿದರೆ ಆಲ್ಕೊಹಾಲ್ ಪ್ರಮಾಣ ಗಾತ್ರದಲ್ಲಿ ಶೇಕಡ 5.2ರಷ್ಟು ಎಂದು ತಿಳಿಯುತ್ತದೆ.

ತಯಾರಕರ ಮುಖ್ಯ ಚಿಂತೆ ಒಂದೇ: ಈ ಸಲದ್ದು ಹೋದ ಸಲದಂತೆಯೇ ಇದೆಯೇ? ಈ ಚಿಂತೆಯಿಂದಲೇ ಮೂರು ಪ್ರಶ್ನೆಗಳು ಹುಟ್ಟುತ್ತವೆ.

ಎಷ್ಟು ಬಿಸಿ?

ಮಾಲ್ಟ್ ನೆನೆಸುವ ನೀರು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ತಾಪ ಕೆಲವೇ ಡಿಗ್ರಿ ಹೆಚ್ಚಾದರೂ ಒಂದು ಮುಖ್ಯ ಕಿಣ್ವ ಬೇಗನೆ ನಿಷ್ಕ್ರಿಯವಾಗುತ್ತದೆ. ಆಗ ಯೀಸ್ಟ್ ಬಳಸಲಾಗದ ಶರ್ಕರಗಳು ಹೆಚ್ಚು ಉಳಿಯುತ್ತವೆ. ಆದ್ದರಿಂದ ಈ ಉದ್ಯಮದಲ್ಲಿ ತಾಪಮಾಪಕವನ್ನು ನಂಬಿಕೆಯಿಂದ ಓದುವುದು ಅನಿವಾರ್ಯ.

ಇಂಗ್ಲೆಂಡಿನ ಸಾಲ್‌ಫರ್ಡ್‌ನಲ್ಲಿ 1818ರಲ್ಲಿ ಹುಟ್ಟಿದ ಜೇಮ್ಸ್ ಪ್ರೆಸ್ಕಟ್ ಜೂಲ್ ಇಂಥ ಉದ್ಯಮಿಯ ಮಗ. 1854ರಲ್ಲಿ ಮಾರಾಟವಾಗುವವರೆಗೂ ಆ ಉದ್ಯಮದಲ್ಲಿ ಅವರಿಗೆ ಪಾಲಿತ್ತು. ಬೀಳುವ ತೂಕಗಳಿಂದ ಚಕ್ರವನ್ನು ತಿರುಗಿಸಿ, ಅದರ ಹಲಗೆಗಳಿಂದ ನೀರನ್ನು ಕಲಕುವ ಅವರ ಪ್ರಯೋಗ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಆದರೆ ಅದರ ಕಷ್ಟ ಪಠ್ಯದಲ್ಲಿ ಕಾಣುವುದಿಲ್ಲ. ತೂಕಗಳನ್ನು ಇಪ್ಪತ್ತು ಬಾರಿ ಇಳಿಸಿದ ಮೇಲೂ ನೀರಿನ ತಾಪ ಏರಿದ್ದು ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟ್ ಮಾತ್ರ. ಒಂದು ಡಿಗ್ರಿಯ ಇನ್ನೂರನೇ ಒಂದು ಭಾಗವನ್ನು ಗುರುತಿಸುವ ಕೌಶಲ ಇಲ್ಲದಿದ್ದರೆ ಪ್ರಯೋಗಕ್ಕೆ ಅರ್ಥವೇ ಇರುತ್ತಿರಲಿಲ್ಲ. ಬಿಯರ್ ಉದ್ಯಮದ ತಾಪಮಾಪನದ ಪರಿಣತಿ ಜೂಲ್‌ಗೆ ನೆರವಾಯಿತೆಂದು ವಿಜ್ಞಾನದ ಇತಿಹಾಸಕಾರರು ತೋರಿಸಿದ್ದಾರೆ. ಜೂಲ್ 1850ರಲ್ಲಿ ಪ್ರಕಟಿಸಿದ ಬೆಲೆ: ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಮಾಡಲು 772 ಅಡಿ-ಪೌಂಡ್ ಕಾರ್ಯ. ಇಂದಿನ ಬೆಲೆ ಸುಮಾರು 778. ವ್ಯತ್ಯಾಸ ಶೇಕಡ ಒಂದಕ್ಕಿಂತ ಕಡಿಮೆ!

ಎಷ್ಟು ಹುಳಿ?

ಕಿಣ್ವದ ಕೆಲಸ ತಾಪವನ್ನಷ್ಟೇ ಅಲ್ಲ, ಆಮ್ಲೀಯತೆಯನ್ನೂ ಅವಲಂಬಿಸಿದೆ. ಆದರೆ ದ್ರಾವಣದಲ್ಲಿರುವ ಒಟ್ಟು ಆಮ್ಲದ ಮೊತ್ತ ಗೊತ್ತಾದರೆ ಸಾಲದು. ಮುಖ್ಯವಾದುದು ಹೈಡ್ರೊಜನ್ ಅಯಾನುಗಳ ಸಾರತೆ. ಡೆನ್ಮಾರ್ಕ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನ ವಿಭಾಗದ ಮುಖ್ಯಸ್ಥರಾಗಿದ್ದ ಸೋರೆನ್ಸೆನ್ ಇದನ್ನು ಸುಲಭವಾಗಿ ಹೇಳಲು 1909ರಲ್ಲಿ ಪಿಹೆಚ್ ಮಾನವನ್ನು ಸೂಚಿಸಿದರು. ಇದು ಲಾಗರಿತಮ್ ಮಾನ. ಒಂದು ಅಂಕ ಇಳಿದರೆ ಅಯಾನುಗಳ ಸಾರತೆ ಹತ್ತು ಪಟ್ಟು ಹೆಚ್ಚುತ್ತದೆ. ಮಾಲ್ಟ್ ನೆನೆಸಿದ ನೀರಿನ ಪಿಹೆಚ್ 5.4 ಇದ್ದು, ಸಿದ್ಧವಾದ ಬಿಯರಿನದು 4.4 ಆದರೆ, ಆ ಒಂದು ಅಂಕದ ಅರ್ಥ ಹತ್ತು ಪಟ್ಟು. ನಮ್ಮ ದೋಸೆ ಹಿಟ್ಟು ರಾತ್ರಿ ಕಳೆದು ಹುಳಿಯಾಗುವಾಗಲೂ ಇಳಿಯುವುದು ಪಿಹೆಚ್ ಮಾನವೇ.

ಎಷ್ಟು ಮಾದರಿ ಸಾಕು?

ವಿಲಿಯಂ ಗಾಸೆಟ್ 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಸಂಸ್ಥೆಯನ್ನು ಸೇರಿದರು. ಬಾರ್ಲಿ, ಹಾಪ್ಸ್‌ಗಳ ಗುಣಮಟ್ಟ ನಿರ್ಧರಿಸಲು ಅಲ್ಲಿ ಸಿಗುತ್ತಿದ್ದುದು ಬೆರಳೆಣಿಕೆಯ ಮಾದರಿಗಳು. ಆ ಕಾಲದ ಸಂಖ್ಯಾಶಾಸ್ತ್ರವೋ ದೊಡ್ಡ ಸಮೂಹಗಳಿಗೆ ಹೇಳಿಸಿದ್ದು. ಅಳತೆಗಳು ಕಡಿಮೆಯಿದ್ದಾಗ ಅವುಗಳಿಂದ ಲೆಕ್ಕಹಾಕಿದ ಮಾನಕ ವಿಚಲನೆಯೇ ಅನಿಶ್ಚಿತ. ಆದ್ದರಿಂದ ಸರಾಸರಿಯ ಸುತ್ತ ಹೆಚ್ಚು ಅಗಲದ ಅಂತರ ಬಿಡಬೇಕು. ಎಷ್ಟು ಹೆಚ್ಚು ಎಂಬುದನ್ನು ಗಾಸೆಟ್ 1908ರಲ್ಲಿ ಕಂಡುಕೊಟ್ಟರು. ಶೇಕಡ 95ರ ಭರವಸೆಗೆ ದೊಡ್ಡ ಸಮೂಹದಲ್ಲಿ ಬಳಸುವ ಗುಣಕ 1.96. ಮೂವತ್ತು ಅಳತೆಗಳಿದ್ದರೆ 2.05, ನಾಲ್ಕೇ ಇದ್ದರೆ 3.18.

ಗುಟ್ಟು ಮತ್ತು ಪ್ರಕಟಣೆ

ಈ ಎರಡು ಸಂಸ್ಥೆಗಳ ನೀತಿಗಳು ಮಾತ್ರ ತದ್ವಿರುದ್ಧವಾಗಿದ್ದವು. ವ್ಯಾಪಾರದ ಗುಟ್ಟು ಹೊರಹೋದೀತೆಂದು ಗಿನ್ನೆಸ್ ತನ್ನ ನೌಕರರ ಪ್ರಕಟಣೆಗಳಿಗೆ ನಿರ್ಬಂಧ ಹಾಕಿತ್ತು. ಹೀಗಾಗಿ ಗಾಸೆಟ್ ಲೇಖನ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಬಂತು. ಇಂದಿಗೂ ಅದು 'ಸ್ಟೂಡೆಂಟ್ ಟಿ-ಪರೀಕ್ಷೆ'ಯೇ. 1875ರಲ್ಲಿ ಸ್ಥಾಪನೆಯಾದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯಕ್ಕಾದರೋ, ಮಹತ್ವದ ಯಾವ ಫಲಿತಾಂಶವನ್ನೂ ಗುಟ್ಟಾಗಿಡಬಾರದೆಂದು ಸ್ಥಾಪಕ ಜಾಕೊಬ್‌ಸೆನ್ ನಿಯಮ ಮಾಡಿದ್ದರು. ಹ್ಯಾನ್ಸನ್ ಅಲ್ಲಿ 1883ರಲ್ಲಿ ಬೆಳೆಸಿದ ಶುದ್ಧ ಯೀಸ್ಟ್ ಪ್ರತಿಸ್ಪರ್ಧಿಗಳಿಗೂ ದೊರೆಯಿತು. ಅದೇ ವರ್ಷ ಅಲ್ಲಿ ರೂಪುಗೊಂಡ ಕೆಲ್‌ಡಾಲ್ ವಿಧಾನದಿಂದ ಮಣ್ಣು, ಆಹಾರಗಳಲ್ಲಿರುವ ನೈಟ್ರೊಜನ್‌ನ್ನು ಇಂದಿಗೂ ಅಳೆಯುತ್ತಾರೆ. ಗುಪ್ತನಾಮದಲ್ಲಾದರೂ ಪ್ರಕಟವಾದುದರಿಂದಲೇ ಗಾಸೆಟ್ ವಿಧಾನವನ್ನು ರೊನಾಲ್ಡ್ ಫಿಶರ್ ಮುಂದೆ ಬೆಳೆಸಿ ಇಂದಿನ ರೂಪಕ್ಕೆ ತರಲು ಸಾಧ್ಯವಾಯಿತು.

ತರಗತಿಯಲ್ಲಿ ಮಾಡಿ ನೋಡಿ

ಲೋಲಕದ 20 ಆಂದೋಲನಗಳ ಕಾಲವನ್ನು ನಾಲ್ಕು ಬಾರಿ ಅಳೆಯಿರಿ. 40.2, 40.6, 40.1, 40.5 ಸೆಕೆಂಡು ಬಂತೆನ್ನಿ. ಸರಾಸರಿ 40.35, ಮಾನಕ ವಿಚಲನೆ 0.24. ಇದನ್ನು ಅಳತೆಗಳ ಸಂಖ್ಯೆಯ ವರ್ಗಮೂಲ 2ರಿಂದ ಭಾಗಿಸಿದರೆ 0.12. ಗುಣಕ 1.96 ಬಳಸಿದರೆ ಸರಾಸರಿಯ ಅನಿಶ್ಚಿತತೆ 0.23, 3.18 ಬಳಸಿದರೆ 0.38. ಸೂತ್ರದಿಂದ ಬಂದ ಕಾಲ 40.65 ಆಗಿದ್ದರೆ ವ್ಯತ್ಯಾಸ 0.30. ಮೊದಲ ಗುಣಕದಂತೆ ಸೂತ್ರವೂ ಪ್ರಯೋಗವೂ ಹೊಂದುವುದಿಲ್ಲ. ಎರಡನೆಯದರಂತೆ, ಹೊಂದುವುದಿಲ್ಲ ಎನ್ನಲು ಆಧಾರ ಸಾಲದು. ನಾಲ್ಕೇ ಅಳತೆಗಳಿರುವಾಗ ಸರಿಯಾದುದು ಎರಡನೆಯದು. 'ಪ್ರಯೋಗ ತಪ್ಪಾಯಿತು' ಎಂದು ದಾಖಲೆ ಪುಸ್ತಕದಲ್ಲಿ ಬರೆಯುವ ಮೊದಲು ವಿದ್ಯಾರ್ಥಿಗಳು ಈ ಲೆಕ್ಕವನ್ನೊಮ್ಮೆ ಮಾಡಲಿ.