ತಾರೆ ಕಾಣುವ ಚಪ್ಪರದ ಕೆಳಗೆ ಕೃತಜ್ಞತೆಯ ಪಾಠ

ಪಿತಾಮಹ ಯಕೋಬನ ಪತ್ನಿ ಲೇಯಳ ಕಥೆ ನಮಗೆಲ್ಲ ತಿಳಿದದ್ದೇ. ಗಂಡನ ಪ್ರೀತಿಗಾಗಿ ಹಂಬಲಿಸಿ ಸೋತ ಹೆಣ್ಣು ಆಕೆ. ಹೆತ್ತ ಮೊದಲ ಮೂವರು ಗಂಡುಮಕ್ಕಳಿಗೂ ತನ್ನ ನೋವನ್ನೂ ಹಂಬಲವನ್ನೂ ಸೂಚಿಸುವ ಹೆಸರುಗಳನ್ನೇ ಇಟ್ಟಳು. ನಾಲ್ಕನೆಯ ಮಗು ಮಡಿಲು ಸೇರಿದಾಗ ಮಾತ್ರ ಅವಳ ಬಾಯಲ್ಲಿ ದೂರು ಅಡಗಿತು. ಈ ಬಾರಿ ಸರ್ವೇಶ್ವರನನ್ನು ಸ್ತುತಿಸುವೆನೆಂದು ಹೇಳಿ ಆ ಮಗುವಿಗೆ 'ಯೆಹೂದ' ಎಂದು ಹೆಸರಿಟ್ಟಳು ಎನ್ನುತ್ತದೆ ಆದಿಕಾಂಡದ 29ನೆಯ ಅಧ್ಯಾಯ. ಹೀಬ್ರೂ ಭಾಷೆಯಲ್ಲಿ ಸ್ತುತಿಗೂ ಕೃತಜ್ಞತೆಗೂ ಬೇರು ಒಂದೇ. ಲೋಕ ಸೃಷ್ಟಿಯಾದಂದಿನಿಂದ ದೇವರಿಗೆ ಹೀಗೆ ಕೃತಜ್ಞತೆ ಸಲ್ಲಿಸಿದವರಲ್ಲಿ ಲೇಯಳೇ ಮೊದಲಿಗಳು ಎಂದು ಯೆಹೂದ್ಯರ ತಾಲ್ಮೂದ್ ಗ್ರಂಥ ಹೇಳುತ್ತದೆ. 'ಯೆಹೂದ್ಯ' ಎಂಬ ಪದ ಹುಟ್ಟಿದ್ದು ಈ ಹೆಸರಿನಿಂದಲೇ. ಹೀಗೆ ಒಂದು ಜನಾಂಗದ ಹೆಸರಿನೊಳಗೇ ಕೃತಜ್ಞತೆ ಮನೆಮಾಡಿಕೊಂಡಿದೆ.

ಆದರೆ ಹೆಸರಿನಲ್ಲಿರುವುದು ನಡೆಯಲ್ಲಿ ತಾನಾಗಿ ಬಂದುಬಿಡುವುದಿಲ್ಲ. ಅದನ್ನು ಕಲಿಸಬೇಕು, ಕಲಿಯಬೇಕು. 'ನನಗೆ ಬೇಕು', 'ಇದು ನನ್ನದು' ಎಂಬ ಎರಡು ಮಾತುಗಳನ್ನೇ ಲೋಕವೆಂದು ತಿಳಿದಿರುವ ಮೂರು ನಾಲ್ಕು ವರ್ಷದ ಮಗುವಿಗೆ ಅದನ್ನು ಕಲಿಸುವ ಬಗೆ ಹೇಗೆ? ಅಮೆರಿಕದ ಯೆಹೂದ್ಯ ಶಿಶುವಿಹಾರಗಳು ಪ್ರತಿವರ್ಷ ಶರತ್ಕಾಲದಲ್ಲಿ ಈ ಪ್ರಶ್ನೆಗೆ ನೀಡುವ ಉತ್ತರ ನಮ್ಮ ಕುಟುಂಬಗಳೂ ಅರಿತುಕೊಳ್ಳಲು ಯೋಗ್ಯವಾದುದು.

ಸೇಬು, ಜೇನು ಮತ್ತು ಟಗರಿನ ಕೊಂಬು

ಅಮೆರಿಕದಲ್ಲಿ ಶಾಲಾವರ್ಷ ಆರಂಭವಾಗುವುದು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ದಿನಗಳಲ್ಲಿ. ತಾಯಿಯ ಸೆರಗು ಬಿಟ್ಟು ಬಂದ ಎಳೆಯರ ಅಳು ಇನ್ನೂ ನಿಲ್ಲುವ ಮೊದಲೇ ಯೆಹೂದ್ಯರ ತಿಶ್ರಿ ಮಾಸ ಬಂದು ನಿಲ್ಲುತ್ತದೆ. ಆ ಮಾಸದ ಮೊದಲೆರಡು ದಿನ ಹೊಸ ವರ್ಷದ ಹಬ್ಬವಾದ ರೋಶ್ ಹಶಾನಾ. ಹತ್ತನೆಯ ದಿನ ದೋಷಪರಿಹಾರಕ ದಿನವಾದ ಯೋಮ್ ಕಿಪ್ಪೂರ್. ಹದಿನೈದರಿಂದ ಏಳು ದಿನ ಸುಕ್ಕೋತ್, ಅಂದರೆ ಬೈಬಲಿನಲ್ಲಿ ನಾವು ಓದುವ ಪರ್ಣಕುಟೀರಗಳ ಹಬ್ಬ. ಅದರ ಬೆನ್ನಿಗೇ ತೋರಾ ಗ್ರಂಥದ ವಾರ್ಷಿಕ ಪಾರಾಯಣ ಮುಗಿಸಿ ಮತ್ತೆ ಮೊದಲಿನಿಂದ ತೊಡಗುವ ಸಿಮ್ಹತ್ ತೋರಾ. ಮೂರು ವಾರಗಳಲ್ಲಿ ನಾಲ್ಕು ಹಬ್ಬಗಳು! ಶಿಕ್ಷಕಿಗೆ ಉಸಿರಾಡಲು ಬಿಡುವಿಲ್ಲ. ಮಗುವಿಗೆ ಅಳಲು ಬಿಡುವಿಲ್ಲ.

ಮೊದಲು ಬರುವುದು ಸೇಬು. ವರ್ಷವಿಡೀ ಸಿಹಿಯಾಗಿರಲೆಂದು ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ ತಿನ್ನುವುದು ಹೊಸ ವರ್ಷದ ಪದ್ಧತಿ. ಶಿಶುವಿಹಾರದಲ್ಲಿ ಹಣ್ಣನ್ನು ಅಡ್ಡಲಾಗಿ ಕತ್ತರಿಸುತ್ತಾರೆ. ಒಳಗೆ ಬೀಜಗಳ ಮನೆ ಐದು ಮೂಲೆಯ ನಕ್ಷತ್ರವಾಗಿ ಕಾಣುತ್ತದೆ. ಆ ಹೋಳನ್ನು ಬಣ್ಣದಲ್ಲಿ ಅದ್ದಿ ಮಕ್ಕಳು ಕಾಗದದ ಮೇಲೆ ಅಚ್ಚೊತ್ತುತ್ತಾರೆ. ಸಾಮಾನ್ಯ ದಿನಗಳಲ್ಲಿ ಉದ್ದಕ್ಕೆ ಹೆಣೆಯುವ ಹಲ್ಲಾ ರೊಟ್ಟಿಯನ್ನು ಈ ಹಬ್ಬಕ್ಕೆ ದುಂಡಗೆ ಸುತ್ತುತ್ತಾರೆ. ವರ್ಷದ ಚಕ್ರ ತಿರುಗಿತೆಂಬುದರ ಗುರುತು ಅದು. ಇಸಾಕನ ಬದಲಿಗೆ ಬಲಿಯಾದ ಟಗರನ್ನು ನೆನಪಿಸುವ ಶೋಫರ್ ಎಂಬ ಕೊಂಬನ್ನು ಊದಿದಾಗ ಮಕ್ಕಳು ಕಿವಿ ಮುಚ್ಚಿಕೊಳ್ಳುವುದೂ ಉಂಟು, ಮತ್ತೊಮ್ಮೆ ಊದಿರೆಂದು ಪೀಡಿಸುವುದೂ ಉಂಟು.

ಇದೆಲ್ಲ ಬರಿಯ ಆಟವಲ್ಲ. ಸೇಬು ಬಾಯಿಗೆ ಹೋಗುವ ಮುನ್ನ ಒಂದು ಆಶೀರ್ವಚನ ಹೇಳಬೇಕು. ಮರದ ಹಣ್ಣಿಗೊಂದು, ನೆಲದ ಬೆಳೆಗೊಂದು, ರೊಟ್ಟಿಗೊಂದು ಎಂದು ಯೆಹೂದ್ಯರ ಆಶೀರ್ವಚನಗಳು ಬೇರೆ ಬೇರೆ. ಮುಂದಿರುವುದು ಯಾವುದು, ಬೆಳೆದದ್ದು ಎಲ್ಲಿ ಎಂದು ಯೋಚಿಸದೆ ಆ ಮಗು ಕೃತಜ್ಞತೆ ಹೇಳುವಂತಿಲ್ಲ! ದಿನವೊಂದಕ್ಕೆ ನೂರು ಆಶೀರ್ವಚನಗಳನ್ನು ಹೇಳಬೇಕೆಂಬುದು ತಾಲ್ಮೂದ್ ಕಾಲದ ರಬ್ಬಿ ಮೇಯಿರರ ಬೋಧನೆ. ಬೆಳಿಗ್ಗೆ ಕಣ್ಣು ತೆರೆದೊಡನೆ ಹೇಳುವ ಮೊದಲ ಮಾತೂ, ಪ್ರಾಣವನ್ನು ಮರಳಿ ಕೊಟ್ಟ ದೇವರಿಗೆ ವಂದನೆ ಹೇಳುವ 'ಮೋದೆ ಅನಿ' ಎಂಬ ಪುಟ್ಟ ಪ್ರಾರ್ಥನೆಯೇ. ಅನೇಕ ಶಿಶುವಿಹಾರಗಳಲ್ಲಿ ದಿನದ ಪಾಠ ಆರಂಭವಾಗುವುದು ಇದನ್ನು ಹಾಡುವುದರಿಂದ.

ಕ್ಷಮೆ ಕೇಳದೆ ಧನ್ಯವಾದವಿಲ್ಲ

ಯೋಮ್ ಕಿಪ್ಪೂರ್ ಉಪವಾಸದ ದಿನ. ಮಕ್ಕಳಿಗೆ ಉಪವಾಸದ ಕಟ್ಟಳೆಯಿಲ್ಲ. ಆದರೆ ಕ್ಷಮೆಯ ಪಾಠದಿಂದ ಅವರಿಗೆ ವಿನಾಯಿತಿಯೂ ಇಲ್ಲ. ದೇವರಿಗೆ ವಿರುದ್ಧವಾಗಿ ಮಾಡಿದ ತಪ್ಪನ್ನು ಆ ದಿನ ಪರಿಹರಿಸುತ್ತದೆ. ನೆರೆಯವನಿಗೆ ಮಾಡಿದ ತಪ್ಪನ್ನಾದರೋ, ಆ ನೆರೆಯವನನ್ನು ಸಮಾಧಾನಪಡಿಸುವ ತನಕ ಪರಿಹರಿಸದು ಎಂಬುದು ಮಿಶ್ನಾ ಗ್ರಂಥದ ನಿಯಮ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗು ಎಂದು ಪ್ರಭು ಯೇಸು ಬೆಟ್ಟದ ಮೇಲೆ ಬೋಧಿಸಿದ್ದು ನಮಗೆ ಇಲ್ಲಿ ನೆನಪಾಗದಿರದು.

ಆದ್ದರಿಂದ ಕಟ್ಟಿದ ಆಟದ ಗೋಪುರವನ್ನು ಕೆಡವಿದವನು ಕೆಡವಿಸಿಕೊಂಡವನ ಬಳಿಗೆ ಹೋಗಿ 'ಸ್ಲಿಹಾ' ಎನ್ನಬೇಕು, ಅಂದರೆ 'ಕ್ಷಮಿಸು' ಎನ್ನಬೇಕು. ಅಷ್ಟಕ್ಕೇ ಮುಗಿಯಲಿಲ್ಲ, ಗೋಪುರವನ್ನು ಮತ್ತೆ ಕಟ್ಟಲು ಕೈಗೂಡಿಸಬೇಕು. ಆ ದಿನ ಸಂಜೆ ಪ್ರಾರ್ಥನಾ ಮಂದಿರಗಳಲ್ಲಿ ಯೋನನ ಗ್ರಂಥವನ್ನು ಓದುವುದರಿಂದ ತರಗತಿಯಲ್ಲೂ ದೊಡ್ಡ ಮೀನಿನ ಕಥೆ ನಡೆಯುತ್ತದೆ. ಕೆಲವೆಡೆ ಮಕ್ಕಳನ್ನು ತೊರೆಯ ಬದಿಗೆ ಕರೆದೊಯ್ದು, ತಪ್ಪುಗಳ ಗುರುತಾಗಿ ರೊಟ್ಟಿಯ ಚೂರುಗಳನ್ನು ನೀರಿಗೆ ಎಸೆಯಿಸುತ್ತಾರೆ. ಪಾಪವನ್ನೆಲ್ಲ ಸಮುದ್ರದ ಆಳಕ್ಕೆ ಎಸೆಯುವ ದೇವರ ಬಗ್ಗೆ ಪ್ರವಾದಿ ಮೀಕನು ಹೇಳಿದ್ದು ಹೀಗೆ ಕೈಗೆ ಎಟುಕುವ ಪಾಠವಾಗುತ್ತದೆ. ಮನಸ್ಸಿನಲ್ಲಿ ಕಹಿ ಉಳಿದಿರುವಾಗ ಬಾಯಲ್ಲಿ ಸುಮ್ಮನೆ ಧನ್ಯವಾದ ಹೇಳಿಸಿ ಪ್ರಯೋಜನವಿಲ್ಲ. ಕ್ಷಮೆಯ ಹಬ್ಬವನ್ನು ಮೊದಲಿಟ್ಟು ಸುಗ್ಗಿಯ ಹಬ್ಬವನ್ನು ಅನಂತರ ಇಟ್ಟ ಈ ಪಂಚಾಂಗದಲ್ಲಿ ಒಂದು ಜಾಣ್ಮೆಯಿದೆ.

ಗಾಳಿಗೆ ಅಲುಗುವ ಮನೆ

ಯೋಮ್ ಕಿಪ್ಪೂರ್ ಮುಗಿದೊಡನೆ ಸುತ್ತಿಗೆಯ ಸದ್ದು ಕೇಳಿಸುತ್ತದೆ. ಶಾಲೆಯ ಅಂಗಳದಲ್ಲಿ ಸುಕ್ಕಾ ಎಂಬ ಚಪ್ಪರ ಏಳುತ್ತದೆ. ಈಜಿಪ್ಟಿನ ದಾಸ್ಯದಿಂದ ಬಿಡಿಸಿದ ಜನರನ್ನು ದೇವರು ಗುಡಿಸಲುಗಳಲ್ಲಿ ಇರಿಸಿದ್ದನ್ನು ತಲೆತಲಾಂತರವೂ ಮರೆಯದಿರಲೆಂದು ಯಾಜಕಕಾಂಡದ 23ನೆಯ ಅಧ್ಯಾಯ ವಿಧಿಸಿದ ಆಚರಣೆ ಇದು. ಚಾವಣಿಗೆ ಹೆಂಚು, ತಗಡು ಕೂಡದು; ನೆಲದಲ್ಲಿ ಬೆಳೆದು ಕತ್ತರಿಸಿದ ರೆಂಬೆ, ಗರಿ, ಜೋಳದ ದಂಟುಗಳೇ ಆಗಬೇಕು. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು; ಆದರೂ ರಾತ್ರಿ ತಲೆಯೆತ್ತಿದರೆ ಎಲೆಗಳ ಸಂದಿಯಿಂದ ನಕ್ಷತ್ರ ಕಾಣಬೇಕು. ಮಕ್ಕಳು ಬಣ್ಣದ ಕಾಗದದ ಸರಪಳಿಗಳನ್ನೂ ಕುಂಬಳ, ಸೋರೆಗಳನ್ನೂ ತೂಗುಹಾಕುತ್ತಾರೆ. ಅದರೊಳಗೇ ಕುಳಿತು ಬುತ್ತಿ ಬಿಚ್ಚುತ್ತಾರೆ.

ಇಲ್ಲಿಯೇ ನಾಲ್ಕು ಬಗೆಯ ಸಸ್ಯಗಳನ್ನು ಕೈಗಿತ್ತು ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ, ಮೇಲೆ, ಕೆಳಗೆ ಎಂದು ಆರು ದಿಕ್ಕಿಗೂ ಅಲುಗಿಸಲು ಕಲಿಸುವುದು. ನಮ್ಮ ಮಾದಲ ಹಣ್ಣಿನ ಜಾತಿಯ ಎತ್ರೋಗ್, ಖರ್ಜೂರದ ಗರಿ, ಮರ್ಟಲ್ ಎಂಬ ಸುಗಂಧದ ಸೊಪ್ಪು, ನೀರವಂಜಿಯ ಕಡ್ಡಿ. ಮಾದಲಕ್ಕೆ ರುಚಿಯೂ ಉಂಟು, ಪರಿಮಳವೂ ಉಂಟು. ಖರ್ಜೂರಕ್ಕೆ ರುಚಿಯಷ್ಟೇ, ಮರ್ಟಲಿಗೆ ಪರಿಮಳವಷ್ಟೇ, ನೀರವಂಜಿಗೆ ಎರಡೂ ಇಲ್ಲ. ಮನುಷ್ಯರೂ ಹಾಗೆಯೇ, ಜ್ಞಾನವಿದ್ದವರು, ಸತ್ಕಾರ್ಯವಿದ್ದವರು, ಎರಡೂ ಇದ್ದವರು, ಎರಡೂ ಇಲ್ಲದವರು, ಎಲ್ಲರನ್ನೂ ಒಂದೇ ಕಟ್ಟಾಗಿ ಹಿಡಿದಾಗಲೇ ಹಬ್ಬ ಎಂದು ಹಿಂದಿನ ರಬ್ಬಿಗಳು ಅರ್ಥ ಹೇಳಿದ್ದಾರೆ. ತರಗತಿಯಲ್ಲಿ ಎಲ್ಲಕ್ಕೂ ಹಿಂದೆ ಬೀಳುವ ಮಗುವೂ ಆ ಕಟ್ಟಿನ ಒಂದು ಕಡ್ಡಿ. ಅದಿಲ್ಲದೆ ಕಟ್ಟು ಪೂರ್ಣವಲ್ಲ.

ಈ ಹಬ್ಬದಲ್ಲಿ ಸಂತೋಷಪಡಬೇಕೆಂಬುದು ಧರ್ಮೋಪದೇಶಕಾಂಡದ ಆಜ್ಞೆ. ಯಾರೊಡನೆ ಎಂಬುದನ್ನೂ ಅದೇ ಹೇಳುತ್ತದೆ. ಮಗ, ಮಗಳು, ಆಳು, ಪರದೇಶಿ, ಅನಾಥ, ವಿಧವೆ. ಅಬ್ರಹಾಮನಿಂದ ದಾವೀದನವರೆಗಿನ ಏಳು ಮಂದಿ ಪೂರ್ವಜರನ್ನು ಸುಕ್ಕಾದೊಳಗೆ ಅತಿಥಿಗಳಾಗಿ ಆಹ್ವಾನಿಸುವ ಪದ್ಧತಿಯೊಡನೆ, ಬಡವರಿಗೆ ಅನ್ನವಿಕ್ಕುವುದೂ ಸೇರಿದೆ. ಶುಕ್ರವಾರದ ಸಬ್ಬತ್ ದೀಪ ಹಚ್ಚುವ ಮೊದಲು ಮಕ್ಕಳು 'ತ್ಸೆದಾಕಾ' ಡಬ್ಬಿಗೆ ನಾಣ್ಯ ಹಾಕುವುದು ಇದರ ಮುಂದುವರಿಕೆ. ಈ ಪದದ ಮೂಲಾರ್ಥ ದಾನವಲ್ಲ, ನ್ಯಾಯ.

ಇಷ್ಟು ಹೇಳಿ ಸುಮ್ಮನಾದರೆ ನಮ್ಮ ವರದಿ ಅರ್ಧ ಸತ್ಯವಾದೀತು. ಈ ಶಿಶುವಿಹಾರಗಳಲ್ಲಿ ಅನೇಕವುಗಳ ಬಾಗಿಲಿಗೆ ಇಂದು ಬೀಗವಿದೆ, ಎದುರಿಗೆ ಕಾವಲುಗಾರನಿದ್ದಾನೆ. 1999ರ ಆಗಸ್ಟ್ 10ರಂದು ಲಾಸ್ ಏಂಜಲೀಸಿನ ಯೆಹೂದ್ಯ ಸಮುದಾಯ ಕೇಂದ್ರವೊಂದಕ್ಕೆ ನುಗ್ಗಿದ ದ್ವೇಷಿಯೊಬ್ಬನ ಗುಂಡಿಗೆ ಮೂವರು ಮಕ್ಕಳೂ ಸೇರಿದಂತೆ ಐವರು ಗಾಯಗೊಂಡರು. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್ ನಗರದಲ್ಲಿ ಸಬ್ಬತ್ ಪ್ರಾರ್ಥನೆಗೆ ಬಂದಿದ್ದ ಹನ್ನೊಂದು ಮಂದಿ ಹತರಾದರು. 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಭೀಕರ ದಾಳಿ ನಡೆದದ್ದು ಅಲ್ಲಿ ಸಿಮ್ಹತ್ ತೋರಾ ಹಬ್ಬದ ದಿನದಂದೇ. ಅನಂತರದ ಯುದ್ಧದಲ್ಲಿ ಗಾಜಾದ ಸಾವಿರಾರು ಮಕ್ಕಳೂ ಮಣ್ಣಾದರು. ಎಳೆಯ ಜೀವಗಳ ಅಳುವಿಗೆ ಜಾತಿಯೂ ಇಲ್ಲ, ಗಡಿಯೂ ಇಲ್ಲ.

ಇಷ್ಟೆಲ್ಲ ತಿಳಿದ ಶಿಕ್ಷಕಿಯರು ಮಕ್ಕಳನ್ನು ಬೀಗವಿರುವ ಗಟ್ಟಿ ಕಟ್ಟಡದಿಂದ ಗಾಳಿಗೆ ಅಲುಗುವ ಚಪ್ಪರಕ್ಕೆ ಕರೆತಂದು, ಇಲ್ಲಿಯೇ ಕುಳಿತು ಸಂತೋಷಪಡಿರಿ ಎನ್ನುತ್ತಾರೆ. ನಮ್ಮನ್ನು ಬಹುವಾಗಿ ತಟ್ಟಿದ್ದು ಇದೇ. ಎಲ್ಲ ಭದ್ರವಾದ ಮೇಲೆ ಕೃತಜ್ಞರಾಗೋಣ ಎಂದು ಕಾದವರು ಎಂದೂ ಕೃತಜ್ಞರಾಗಲಾರರು. ಮೇಲೆ ಸಂದು ಇದ್ದುದರಿಂದಲ್ಲವೆ ನಕ್ಷತ್ರ ಕಂಡದ್ದು?

'ಹೋದು' ಎಂಬ ಪದ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದ ರಾಷ್ಟ್ರೀಯ ಕೃತಜ್ಞತಾ ದಿನ. 1789ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಇಂಥದೊಂದು ದಿನವನ್ನು ಘೋಷಿಸಿದಾಗ ನ್ಯೂಯಾರ್ಕಿನ ಶೆಯರಿತ್ ಇಸ್ರೇಲ್ ಸಭೆಯಲ್ಲಿ ಗೆರ್ಷೋಮ್ ಮೆಂಡೆಸ್ ಸೇಶಸ್ ಅವರು ಪ್ರವಚನ ನೀಡಿದ್ದರು. ಅಂದಿನಿಂದಲೂ ಆ ದೇಶದ ಯೆಹೂದ್ಯರಿಗೆ ಈ ದಿನ ಪರಕೀಯವಲ್ಲ. ತರಗತಿಯ ಗೋಡೆಯ ಮೇಲೆ ಎಲೆಯಿಲ್ಲದ ಕಾಗದದ ಮರವೊಂದು ನಿಲ್ಲುತ್ತದೆ. ಪ್ರತಿ ಮಗುವೂ ತಾನು ಯಾವುದಕ್ಕೆ ಕೃತಜ್ಞನೆಂದು ಹೇಳಿದ್ದನ್ನು ಶಿಕ್ಷಕಿ ಎಲೆಯ ಮೇಲೆ ಬರೆದು ಅಂಟಿಸುತ್ತಾಳೆ. ಅಜ್ಜಿ, ನಾಯಿಮರಿ, ಕೆಂಪು ಬೂಟು, ಅಗ್ನಿಶಾಮಕ ವಾಹನ! ದೊಡ್ಡವರಾದ ನಾವು 'ಎಲ್ಲದಕ್ಕಾಗಿ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಮಗು ಮಾತ್ರ ಹೆಸರು ಹಿಡಿದು ಹೇಳುತ್ತದೆ.

ಅಂದಿನ ಊಟದ ಟರ್ಕಿ ಕೋಳಿಗೆ ಹೀಬ್ರೂವಿನಲ್ಲಿ 'ತರ್ನೆಗೋಲ್ ಹೋದು' ಎನ್ನುತ್ತಾರೆ. 'ಹೋದು' ಎಂದರೆ ಭಾರತ! ಎಸ್ತೇರಳ ಗ್ರಂಥದ ಮೊದಲ ವಾಕ್ಯದಲ್ಲಿಯೇ ನಮ್ಮ ದೇಶದ ಈ ಹೆಸರು ಬರುತ್ತದೆ. ಬೇರೊಂದು ಮೂಲದಿಂದ ಬಂದ ಇದೇ ಉಚ್ಚಾರದ 'ಹೋದು' ಎಂಬ ಪದಕ್ಕೆ 'ಕೃತಜ್ಞತೆ ಸಲ್ಲಿಸಿರಿ' ಎಂದೂ ಅರ್ಥ. 136ನೆಯ ಕೀರ್ತನೆ ಆರಂಭವಾಗುವುದು ಅದರಿಂದಲೇ. ಶಿಕ್ಷಕಿಯರು ಈ ಶ್ಲೇಷೆಯನ್ನು ಬಿಡುವವರಲ್ಲ. ಭಾರತದ ಹೆಸರೂ ಕೃತಜ್ಞತೆಯ ಕರೆಯೂ ಒಂದೇ ಸದ್ದಿನಲ್ಲಿ ಕೇಳಿಸುವುದು ನಮಗೂ ಸೊಗಸೇ. ಕೊಂಕಣ ತೀರದ ಬೆನೆ ಇಸ್ರೇಲ್ ಯೆಹೂದ್ಯರಂತೂ ಹರಕೆ ಈಡೇರಿದಾಗ ಅವಲಕ್ಕಿ, ಕಾಯಿತುರಿ, ಸಕ್ಕರೆ ಬೆರೆಸಿದ 'ಮಲಿದಾ' ಇಟ್ಟು, ಪ್ರವಾದಿ ಎಲೀಯನನ್ನು ನೆನೆದು ದೇವರಿಗೆ ವಂದಿಸುತ್ತಾರೆ. ಕೃತಜ್ಞತೆಗೆ ನಮ್ಮ ಅವಲಕ್ಕಿಯ ರುಚಿಯೂ ಹತ್ತಿದೆ.

ನಮ್ಮ ಮನೆಯ ಹೊಸ ತೆನೆ

1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಯೆಹೂದ್ಯರೊಡನೆ ನಮಗಿರುವ ಆಧ್ಯಾತ್ಮಿಕ ನಂಟನ್ನು ಸಾರಿತು. 1986ರ ಏಪ್ರಿಲ್ 13ರಂದು ರೋಮಿನ ಯೆಹೂದ್ಯ ಪ್ರಾರ್ಥನಾ ಮಂದಿರಕ್ಕೆ ಭೇಟಿಯಿತ್ತ ಎರಡನೆಯ ಜಾನ್ ಪೌಲರು ಅವರನ್ನು ನಮ್ಮ ಹಿರಿಯ ಸಹೋದರರೆಂದು ಕರೆದರು. ಪರ್ಣಕುಟೀರಗಳ ಹಬ್ಬಕ್ಕೆ ಪ್ರಭು ಯೇಸು ಜೆರುಸಲೇಮಿಗೆ ಹೋದದ್ದನ್ನು ಯೊವಾನ್ನನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ ಓದುತ್ತೇವೆ. ಬಲಿಪೂಜೆಯಲ್ಲಿ ರೊಟ್ಟಿ, ದ್ರಾಕ್ಷಾರಸಗಳನ್ನು ಕಾಣಿಕೆಯಾಗಿ ಎತ್ತುವಾಗ ಗುರುಗಳು ಹೇಳುವ ಮಾತುಗಳು ಯೆಹೂದ್ಯರ ಊಟದ ಆಶೀರ್ವಚನಗಳ ಅಚ್ಚಿನಲ್ಲೇ ಮೂಡಿದವು. ಪರಮಪ್ರಸಾದಕ್ಕಿರುವ ಗ್ರೀಕ್ ಹೆಸರಿನ ಅರ್ಥವೂ ಕೃತಜ್ಞತೆ ಎಂದೇ.

ನಮ್ಮ ಕರಾವಳಿಯ ಕುಟುಂಬಗಳಿಗೆ ಸೆಪ್ಟೆಂಬರ್ 8 ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಮಾತೆ ಮರಿಯಳಿಗೆ ಹೂವು ಅರ್ಪಿಸಿ, ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಅಕ್ಕಿ ಬೆರೆತ ಹಾಲನ್ನೋ ಪಾಯಸವನ್ನೋ ಎಲ್ಲರೂ ಒಟ್ಟಿಗೆ ಸೇವಿಸುವ ದಿನ. 2021ರಲ್ಲಿ ರೋಶ್ ಹಶಾನಾದ ಎರಡನೆಯ ದಿನ ಬಂದದ್ದು ಸೆಪ್ಟೆಂಬರ್ 8ರಂದೇ. ಆ ಎರಡನೆಯ ರಾತ್ರಿ, ಆ ವರ್ಷ ಇನ್ನೂ ತಿನ್ನದ ಹೊಸ ಹಣ್ಣೊಂದನ್ನು ಮುಂದಿಟ್ಟು, ಈ ಹೊತ್ತಿನವರೆಗೆ ನಮ್ಮನ್ನು ಬದುಕಿಸಿದ ದೇವರನ್ನು ಕೊಂಡಾಡುವುದು ಅವರ ಪದ್ಧತಿ. ಅಲ್ಲಿ ಹೊಸ ಹಣ್ಣು, ಇಲ್ಲಿ ಹೊಸ ಅಕ್ಕಿ.

ಆದರೆ ತೆನೆಯನ್ನು ದೇವರ ಪೀಠದ ಮೇಲೆ ಸಿಕ್ಕಿಸಿದ ಮೇಲೆ ಉಳಿದ ದಿನಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯುವುದೇನು? ಊಟದ ಮುಂಚಿನ ಜಪ ಎಷ್ಟು ಮನೆಗಳಲ್ಲಿ ಉಳಿದಿದೆ? ಹತ್ತು ಮಂದಿ ಕುಷ್ಠರೋಗಿಗಳು ಗುಣಹೊಂದಿದರು. ಹಿಂದಿರುಗಿ ಬಂದವನು ಒಬ್ಬನೇ, ಅವನೂ ಪರಕೀಯನಾದ ಸಮಾರಿಯದವನು. ಹಿಂದಿರುಗಿ ನೋಡುವ ಅಭ್ಯಾಸ ದೊಡ್ಡವರಾದ ಮೇಲೆ ಬರುವುದು ಕಷ್ಟ. ಎಳೆಯ ಕುತ್ತಿಗೆಗೇ ಅದನ್ನು ಕಲಿಸಬೇಕು.

ಆದ್ದರಿಂದ ಈ ವಾರ ನಾವೆಲ್ಲರೂ ಒಂದು ಸಣ್ಣ ಕೆಲಸ ಮಾಡೋಣ. ರಾತ್ರಿಯ ಊಟಕ್ಕೆ ಕುಳಿತಾಗ ಮನೆಯ ಅತಿ ಕಿರಿಯ ಮಗುವನ್ನು, ಇಂದು ನೀನು ಯಾವುದಕ್ಕೆ ದೇವರಿಗೆ ವಂದನೆ ಹೇಳುತ್ತೀಯೆ ಎಂದು ಕೇಳೋಣ. ಅದು ಬೆಕ್ಕೆನ್ನಲಿ, ಮಳೆಯೆನ್ನಲಿ, ಅಜ್ಜನ ಕನ್ನಡಕವೆನ್ನಲಿ, ತಿದ್ದುವುದು ಬೇಡ. ಅನಂತರ ನಮ್ಮ ಸರದಿ. 'ಎಲ್ಲದಕ್ಕಾಗಿ' ಎಂದು ಜಾರಿಕೊಳ್ಳದೆ, ನಾವೂ ಒಂದನ್ನು ಹೆಸರು ಹಿಡಿದು ಹೇಳೋಣ.